ಒಂದೇ ಮನೆ, ಎರಡು ಒಲೆ

ಬರೀಬೇಕು ಬರೀಬೇಕು ಅಂದುಕೊಂಡು ತಿಂಗಳುಗಟ್ಟಲೆ ಮುಂದಕ್ಕೆ ಹಾಕಿದ ಬರಹ ಇದು. ಸ್ವಲ್ಪ ತಾಂತ್ರಿಕವಾಗಿದೆ, ಸ್ವಲ್ಪ ಉದ್ದವೂ ಆಗಿದೆ. ಕವಿತೆ, ಹರಟೆ ಓದೋಣ ಅಂತ ಬಂದವರು ದಯವಿಟ್ಟು ಓಡಿಹೋಗಬೇಡಿ :-) ಕೊನೆಗೆ ಮಾತು ಬಂದು ನಿಲ್ಲೋದು ಒಂದು ಸ್ಟಾಪ್ ಬಟನ್ ಹತ್ತಿರ. ಅದು ಎಲ್ಲರಿಗೂ ಅರ್ಥವಾಗುವ ವಿಷಯ.

ನಮ್ಮೂರು ಕುಂಚಾವರಂ. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕು, ತೆಲಂಗಾಣದ ಗಡಿಗೆ ಅಂಟಿಕೊಂಡ ಊರು. "ಕಲಬುರಗಿಯಲ್ಲಿ ಕಾಡಾ?" ಅಂತ ಬೆಂಗಳೂರಿನ ಗೆಳೆಯರು ಹುಬ್ಬೇರಿಸುತ್ತಾರೆ. ಇದೆ ಸ್ವಾಮಿ, ನಮ್ಮ ಸುತ್ತಲಿನ ಕಾಡು ಈಗ ಚಿಂಚೋಳಿ ವನ್ಯಜೀವಿಧಾಮ. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ. ನಾನು ಚಿಕ್ಕವನಿದ್ದಾಗ ಮೂರರಲ್ಲೂ ಜಗಳ ಆಡುವಷ್ಟು ಪ್ರವೀಣನಾಗಿದ್ದೆ.

ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಕಾಕಾ ಕಟ್ಟೆಯ ಮೇಲೆ ಕೂತು ಕೇಳಿದರು.

"ತಮ್ಮಾ, ಬೆಂಗಳೂರಾಗ ನೀ ಮಾಡೋ ಕೆಲಸ ಎಂಥಾದ್ದು? ಒಮ್ಮೆ ಕಂಪ್ಯೂಟರ್ ಅಂತಿ, ಒಮ್ಮೆ ಮೋಟಾರ್ ಅಂತಿ. ಯಾವುದು ಖರೆ?"

"ಎರಡೂ ಖರೆ ನೋಡ್ರಿ ಕಾಕಾ. ಒಂದೇ ಚಿಪ್‌ನ್ಯಾಗ ಎರಡು ಆಪರೇಟಿಂಗ್ ಸಿಸ್ಟಮ್ ಓಡಸ್ತೀವಿ. ಒಂದು ಸ್ಕ್ರೀನ್ ನೋಡ್ಕೋತದ, ಇನ್ನೊಂದು ಮೋಟಾರ್ ನೋಡ್ಕೋತದ."

"ಹಂಗಂದ್ರ ನಮ್ಮ ಮನಿ ಹಂಗ ಅನ್ನು. ಒಂದೇ ಮನಿ, ಎರಡು ಒಲಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದರೆ, ಈ ಹೋಲಿಕೆ ನಾನು ಎಷ್ಟೋ ಮೀಟಿಂಗುಗಳಲ್ಲಿ ತೋರಿಸಿದ ಚಿತ್ರಗಳಿಗಿಂತ ಸರಿಯಾಗಿದೆ ಅನ್ನಿಸ್ತು. ಹಾಗಾಗಿ ಅದನ್ನೇ ಹಿಡಿದುಕೊಂಡು ಬರೆಯುತ್ತೇನೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮತ್ತು ಕಾಕಾ ಬೇರೆಯಾದರು. ಜಗಳ ಏನಿಲ್ಲ, ಸಂಸಾರ ದೊಡ್ಡದಾಗಿತ್ತು ಅಷ್ಟೆ. ಮನೆ ಮಧ್ಯೆ ಗೋಡೆ ಎಬ್ಬಿಸಲಿಲ್ಲ, ಒಲೆ ಮಾತ್ರ ಎರಡಾಯಿತು. ಹೊಲ ಹಿಸ್ಸೆ ಆಯಿತು. ಬಾವಿ ಮತ್ತು ಅದರ ಮೋಟಾರು ಪಾಲು ಮಾಡೋಕಾಗಲ್ಲವಲ್ಲ, ಅದು ಇಬ್ಬರಿಗೂ ಸೇರಿದ್ದು, ದಿನ ಬಿಟ್ಟು ದಿನ ಪಾಳಿ. ಹಿರಿಯರು ಕೂತು ಎಲ್ಲ ಬರೆಸಿದರು. ಒಂದು ವಿಷಯ ಮಾತ್ರ ಬರೆಸಲಿಲ್ಲ: ಮೋಟಾರು ಬಂದ್ ಮಾಡೋರು ಯಾರು? ಸ್ಟಾರ್ಟರಿಗೆ ಆಟೋ ಹಾಕಿದ್ದರು, ಕರೆಂಟು ಬಂದ ಕೂಡಲೇ ತಾನೇ ಶುರುವಾಗೋದು. ಒಂದು ರಾತ್ರಿ ತ್ರೀ ಫೇಸ್ ಬಂತು. ಅಪ್ಪ, ಕಾಕಾ ನೋಡ್ಕೋತಾನೆ ಅಂದುಕೊಂಡರು. ಕಾಕಾ, ಅಣ್ಣ ನೋಡ್ಕೋತಾನೆ ಅಂದುಕೊಂಡರು. ಬೆಳಿಗ್ಗೆ ಹೊತ್ತಿಗೆ ಬಾವಿ ಬತ್ತಿ, ಮೋಟಾರು ಒಣಗಿ ಓಡಿ, ವೈಂಡಿಂಗ್ ಸುಟ್ಟುಹೋಗಿತ್ತು.

ಈ ಮೋಟಾರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

* * *

ಈಗ ಚಿಪ್ಪಿನ ಕಥೆ. ಎಂಬೆಡೆಡ್ ಅಂದರೆ ಯಂತ್ರದ ಹೊಟ್ಟೆಯೊಳಗೆ ಕೂತ ಕಂಪ್ಯೂಟರ್. ವಾಷಿಂಗ್ ಮೆಷಿನ್, ಲಿಫ್ಟು, ಆಸ್ಪತ್ರೆಯ ಪಂಪು, ಕಾರಿನ ಬ್ರೇಕು, ಎಲ್ಲದರಲ್ಲೂ ಇದೆ. ಮೊದಲು ಇವಕ್ಕೆ ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಸಾಕಾಗಿತ್ತು. ಈಗ ಗಿರಾಕಿಗೆ ಟಚ್‌ಸ್ಕ್ರೀನ್ ಬೇಕು, ವೈಫೈ ಬೇಕು, ಮೊಬೈಲಿಗೆ ಮೆಸೇಜು ಬರಬೇಕು, ಲಾಗ್ ಫೈಲು ಬೇಕು. ಇದಕ್ಕೆಲ್ಲ ಲಿನಕ್ಸ್ ಹೇಳಿಮಾಡಿಸಿದ್ದು. ನೆಟ್‌ವರ್ಕು, ಯುಎಸ್‌ಬಿ, ಫೈಲ್ ಸಿಸ್ಟಮ್ ಎಲ್ಲ ಪುಕ್ಕಟೆ ಸಿಗುತ್ತದೆ.

ಆದರೆ ಲಿನಕ್ಸ್ ಊರಗೌಡ ಇದ್ದ ಹಾಗೆ. ಎಲ್ಲರ ಅಹವಾಲೂ ಕೇಳುತ್ತದೆ, ಎಲ್ಲರಿಗೂ ನ್ಯಾಯ ಕೊಡುತ್ತದೆ, ಆದರೆ ಇಷ್ಟೇ ಹೊತ್ತಿಗೆ ಕೊಡುತ್ತೇನೆ ಅಂತ ಮಾತು ಕೊಡುವುದಿಲ್ಲ. ಮೋಟಾರಿನ ವೇಗ ನಿಯಂತ್ರಿಸುವ ಲೂಪು ಸೆಕೆಂಡಿಗೆ 10,000 ಸಲ ಓಡಬೇಕು ಅಂದರೆ ಪ್ರತಿ 100 ಮೈಕ್ರೋಸೆಕೆಂಡಿಗೆ ಒಂದು ಸಲ, ತಪ್ಪದೆ ಓಡಬೇಕು. ಸರಾಸರಿ ಲೆಕ್ಕ ಇಲ್ಲಿ ನಡೆಯಲ್ಲ. 9,999 ಸಲ ಸರಿಯಾಗಿ ಬಂದು ಒಂದು ಸಲ ಐದು ಮಿಲಿಸೆಕೆಂಡು ತಡವಾದರೂ ಮೋಟಾರು ಜರ್ಕ್ ಹೊಡೆಯುತ್ತದೆ. ಇಂಥ ಕೆಲಸಕ್ಕೆ ಆರ್‌ಟಿಒಎಸ್ ಬೇಕು. ಅಂದರೆ ರಿಯಲ್ ಟೈಮ್ ಓಎಸ್: ಫ್ರೀಆರ್‌ಟಿಒಎಸ್, ಝೆಫಿರ್, ವಿಎಕ್ಸ್‌ವರ್ಕ್ಸ್ ಇತ್ಯಾದಿ. ಇವು ಚಿಕ್ಕವು, ಕಡಿಮೆ ಮಾತಿನವು, ಸಮಯಕ್ಕೆ ಸರಿಯಾಗಿ ಬರುವವು.

ಎರಡೂ ಬೇಕು ಅಂದಾಗ ಮೊದಲೆಲ್ಲ ಎರಡು ಚಿಪ್ ಹಾಕುತ್ತಿದ್ದರು. ಈಗ ಒಂದೇ ಚಿಪ್ಪಿನಲ್ಲಿ ಹಲವು ಕೋರ್ ಇರುತ್ತವೆ. ಉದಾಹರಣೆಗೆ 2019ರಲ್ಲಿ ಬಂದ ಎಸ್‌ಟಿಎಂ32ಎಂಪಿ1 ಸರಣಿಯ ಚಿಪ್ಪಿನಲ್ಲಿ ಕಾರ್ಟೆಕ್ಸ್-ಎ7 ಕೋರ್‌ಗಳ ಪಕ್ಕದಲ್ಲೇ ಒಂದು ಕಾರ್ಟೆಕ್ಸ್-ಎಂ4 ಕೋರ್ ಇದೆ. ಎ7 ಮೇಲೆ ಲಿನಕ್ಸ್, ಎಂ4 ಮೇಲೆ ಆರ್‌ಟಿಒಎಸ್, ಎರಡೂ ಒಂದೇ ಸಮಯದಲ್ಲಿ. ಇದಕ್ಕೆ ಎಎಂಪಿ ಅನ್ನುತ್ತಾರೆ, ಅಸಿಮೆಟ್ರಿಕ್ ಮಲ್ಟಿಪ್ರೊಸೆಸಿಂಗ್. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಕೋರ್‌ಗಳನ್ನೂ ಒಂದೇ ಓಎಸ್ ಆಳುತ್ತದಲ್ಲ, ಅದು ಎಸ್‌ಎಂಪಿ, ಒಟ್ಟು ಕುಟುಂಬ. ಎಎಂಪಿ ಅಂದರೆ ಬೇರೆಯಾದ ಅಣ್ಣತಮ್ಮಂದಿರು.

ಇದನ್ನು ಡ್ಯುಯಲ್ ಬೂಟ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದರಲ್ಲಿ ಒಂದು ಹೊತ್ತಿಗೆ ಒಂದೇ ಓಎಸ್. ಒಂದೇ ಕೋರ್ ಮೇಲೆ ಹೈಪರ್‌ವೈಸರ್ ಹಾಕಿ ಎರಡು ಓಎಸ್ ಓಡಿಸುವುದೂ ಬೇರೆ. ಅದು ಕುಂಚಾವರಂ ಹುಡುಗನ ಹಾಗೆ: ತಲೆಯಲ್ಲಿ ಕನ್ನಡ ತೆಲುಗು ಎರಡೂ ಇದ್ದರೂ ಬಾಯಿ ಒಂದೇ, ಒಂದು ಕ್ಷಣಕ್ಕೆ ಒಂದೇ ಭಾಷೆ. ಎಎಂಪಿಯಲ್ಲಿ ಬಾಯಿಯೂ ಎರಡು.

* * *

ಇದು ಹೊಸ ಯೋಚನೆ ಏನಲ್ಲ. 1990ರ ದಶಕದಲ್ಲೇ ಅಮೆರಿಕದ ನ್ಯೂ ಮೆಕ್ಸಿಕೊ ಟೆಕ್‌ನಲ್ಲಿ ವಿಕ್ಟರ್ ಯೊಡೈಕೆನ್ ಮತ್ತು ಮೈಕೆಲ್ ಬರಬನೋವ್ ಆರ್‌ಟಿಲಿನಕ್ಸ್ ಮಾಡಿದರು. ಒಂದು ಪುಟಾಣಿ ರಿಯಲ್ ಟೈಮ್ ಕರ್ನಲ್ ಕೆಳಗೆ, ಅದರ ಮೇಲೆ ಇಡೀ ಲಿನಕ್ಸೇ ಅತಿ ಕಡಿಮೆ ಆದ್ಯತೆಯ ಒಂದು ಕೆಲಸ! ಉಳಿದವರಿಗೆ ಪುರುಸೊತ್ತಾದರೆ ಲಿನಕ್ಸಿಗೆ ಪಾಳಿ. 2009ರಲ್ಲಿ ಬಂದ ಮೊಟೊರೊಲಾ ಇವೋಕ್ ಅನ್ನುವ ಫೋನಿನಲ್ಲಿ ಲಿನಕ್ಸ್ ಮತ್ತು ಬ್ರ್ಯೂ ಎರಡೂ ಒಂದೇ ಕೋರ್ ಮೇಲೆ ಓಡುತ್ತಿದ್ದವು.

ನಿಮ್ಮ ಜೇಬಿನಲ್ಲಿರುವ ಫೋನೂ ಹೀಗೇ. ಮೇಲೆ ಕಾಣುವುದು ಆಂಡ್ರಾಯ್ಡ್. ಟವರಿನ ಜೊತೆ ಮಾತಾಡುವ ಮೋಡೆಮ್ ಭಾಗದಲ್ಲಿ ಬೇರೆಯೇ ಒಂದು ಆರ್‌ಟಿಒಎಸ್ ಓಡುತ್ತಿರುತ್ತದೆ. ಇಂಟೆಲ್ ಕಂಪ್ಯೂಟರುಗಳ ಮ್ಯಾನೇಜ್‌ಮೆಂಟ್ ಎಂಜಿನ್ ಒಳಗೆ ಮಿನಿಕ್ಸ್ ಓಡುತ್ತಿದೆ ಅನ್ನುವುದು 2017ರಲ್ಲಿ ದೊಡ್ಡ ಸುದ್ದಿಯಾಯಿತು. ಮಿನಿಕ್ಸ್ ಬರೆದ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರೇ ಇಂಟೆಲ್‌ಗೆ ಬಹಿರಂಗ ಪತ್ರ ಬರೆದರು. ನಾವು ಪಾಠದಲ್ಲಿ ಓದಿ ಪರೀಕ್ಷೆ ಮುಗಿದ ಮೇಲೆ ಮರೆತ ಓಎಸ್ ನಮ್ಮ ಟೇಬಲ್ಲಿನ ಮೇಲೇ ಓಡುತ್ತಿತ್ತು!

ನಮ್ಮ ಕೆಲಸಕ್ಕೆ ಹತ್ತಿರದ ಕಥೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದು. ಈ ಟಿಐ ಕರ್ನಾಟಕಕ್ಕೆ ಹಳೇ ನೆಂಟ. 1985ರಲ್ಲೇ ಬೆಂಗಳೂರಿಗೆ ಬಂದು ಆರ್ ಅಂಡ್ ಡಿ ಕೇಂದ್ರ ತೆರೆಯಿತು, ಆಗ ಉಪಕರಣಗಳನ್ನು ಎತ್ತಿನ ಗಾಡಿಯಲ್ಲಿ ತಂದ ಕಥೆ ಇವತ್ತಿಗೂ ಹೇಳುತ್ತಾರೆ. ಅವರ ಒಎಂಎಪಿ4 ಚಿಪ್ಪಿನಲ್ಲಿ ಎರಡು ಕಾರ್ಟೆಕ್ಸ್-ಎ9 ಮತ್ತು ಎರಡು ಪುಟ್ಟ ಕಾರ್ಟೆಕ್ಸ್-ಎಂ3 ಕೋರ್ ಇದ್ದವು. ದೊಡ್ಡದರ ಮೇಲೆ ಲಿನಕ್ಸ್, ಚಿಕ್ಕದರ ಮೇಲೆ ಟಿಐನದೇ ಆರ್‌ಟಿಒಎಸ್. ಲಿನಕ್ಸಿನಿಂದ ಆ ಚಿಕ್ಕ ಕೋರ್‌ಗಳನ್ನು ಎಬ್ಬಿಸುವುದು, ಮಲಗಿಸುವುದು, ಅವುಗಳ ಜೊತೆ ಮಾತಾಡುವುದು, ಇದಕ್ಕಾಗಿ ಹುಟ್ಟಿದ್ದು ರಿಮೋಟ್‌ಪ್ರಾಕ್ ಮತ್ತು ಆರ್‌ಪಿಮೆಸೇಜ್. 2012ರಲ್ಲಿ ಲಿನಕ್ಸ್ 3.4ರಲ್ಲಿ ಸೇರಿಕೊಂಡವು. ಇವತ್ತು ಬೇರೆ ಬೇರೆ ಕಂಪನಿಗಳ ಚಿಪ್ಪುಗಳಲ್ಲೂ ಇವನ್ನೇ ಬಳಸುತ್ತೇವೆ.

ಕೆಲಸ ಮಾಡುವ ರೀತಿ ಸರಳ. ಲಿನಕ್ಸ್ ಮೊದಲು ಬೂಟ್ ಆಗುತ್ತದೆ. ಆಮೇಲೆ ಚಿಕ್ಕ ಕೋರ್‌ನ ಫರ್ಮ್‌ವೇರ್ ಫೈಲನ್ನು ಮೆಮೊರಿಗೆ ಹಾಕಿ, ಆ ಕೋರ್‌ನ ರಿಸೆಟ್ ಬಿಡುತ್ತದೆ. ಅಲ್ಲಿಂದ ಅದರ ಸಂಸಾರ ಅದರದು. ಮಾತಾಡಲು ಮಧ್ಯೆ ಒಂದಿಷ್ಟು ಮೆಮೊರಿ ಇಟ್ಟಿರುತ್ತಾರೆ. ಒಬ್ಬ ಅಲ್ಲಿ ಪತ್ರ ಇಟ್ಟು ಗಂಟೆ ಹೊಡೆಯುತ್ತಾನೆ, ಅಂದರೆ ಇಂಟರಪ್ಟ್ ಕಳಿಸುತ್ತಾನೆ. ಇನ್ನೊಬ್ಬ ಬಂದು ಪತ್ರ ಎತ್ತಿಕೊಳ್ಳುತ್ತಾನೆ. ನಮ್ಮ ವಾಡಿ ಜಂಕ್ಷನ್ ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಮಧ್ಯ ರೈಲ್ವೆಯ ಹದ್ದು ಮುಗಿದು ಸಿಕಂದರಾಬಾದ್ ಕಡೆಗೆ ದಕ್ಷಿಣ ಮಧ್ಯ ರೈಲ್ವೆ ಶುರುವಾಗುತ್ತದೆ. ನಿಲ್ದಾಣ ಒಂದೇ, ವಲಯ ಎರಡು. ಗಾಡಿ ನಿಲ್ಲದೆ ದಾಟಬೇಕಾದರೆ ಯಾರ ಜವಾಬ್ದಾರಿ ಎಲ್ಲಿ ಮುಗಿಯುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿರಬೇಕು.

* * *

ಹೇಳಿದಷ್ಟು ಸುಲಭವಾಗಿ ನಡೆಯುವುದಿಲ್ಲ ಅನ್ನುವುದು ಕೈ ಹಾಕಿದವರಿಗೆ ಗೊತ್ತು. ನಾವು ಮೊದಲ ಬೋರ್ಡ್ ತರಿಸಿದಾಗ ಎಂ4 ಕೋರ್ ಚೆನ್ನಾಗಿ ಓಡುತ್ತಿತ್ತು, ಲಿನಕ್ಸ್ ಪೂರ್ತಿ ಬೂಟ್ ಆದ ತಕ್ಷಣ ಅದರ ಟೈಮರ್ ನಿಂತುಹೋಗುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಬೂಟ್ ಮುಗಿಯುವಾಗ ಲಿನಕ್ಸ್ ಒಂದು ಸಲ ಮನೆಯೆಲ್ಲ ಸುತ್ತಿ, ಯಾರೂ ಕೇಳದ ಕ್ಲಾಕ್‌ಗಳನ್ನೆಲ್ಲ ಆಫ್ ಮಾಡುತ್ತದೆ. ಕರೆಂಟು ಉಳಿಸಲು. ಆ ಕೋಣೆಯಲ್ಲಿ ತಮ್ಮ ಕೂತಿದ್ದಾನೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ! ಲೈಟು ಆರಿಸಿ ಹೋಯಿತು.

ಇನ್ನೊಂದು ಸಲ ಇಬ್ಬರೂ ಒಂದೇ ಜಿಪಿಐಒ ರಿಜಿಸ್ಟರ್ ಓದಿ, ತಿದ್ದಿ, ವಾಪಸು ಬರೆಯುತ್ತಿದ್ದರು. ಒಬ್ಬ ಓದಿದ ಮೇಲೆ ಇನ್ನೊಬ್ಬ ಬರೆದರೆ ಅವನ ಬರಹ ಅಳಿಸಿಹೋಗುತ್ತದೆ. ದಿನಕ್ಕೊಂದು ಸಲ ರಿಲೇ ಸುಮ್ಮನೆ ಟಕ್ ಅನ್ನುತ್ತಿತ್ತು. ಮತ್ತೊಂದು ತೊಂದರೆ, ಎಂ4ರ ಕೋಡನ್ನು ಹೊರಗಿನ ಡಿಡಿಆರ್ ಮೆಮೊರಿಯಲ್ಲಿ ಇಟ್ಟರೆ, ಲಿನಕ್ಸ್ ಅದೇ ಮೆಮೊರಿಯಿಂದ ದೊಡ್ಡ ಫೈಲು ಸಾಗಿಸುವಾಗ ಎಂ4 ಕಾಯುತ್ತಾ ನಿಲ್ಲುತ್ತದೆ. ಓಎಸ್ ಬೇರೆಯಾದರೂ ಬಾವಿ ಒಂದೇ. ಕೋಡನ್ನು ಚಿಪ್ಪಿನ ಒಳಗಿನ ಎಸ್‌ರ್ಯಾಮ್‌ಗೆ ತಂದ ಮೇಲೆ ಸರಿಹೋಯಿತು.

ಇವೆಲ್ಲ ಮೇಜಿನ ಮೇಲಿನ ತೊಂದರೆಗಳು. ಹುಡುಕಿದರೆ ಸಿಗುತ್ತವೆ, ಸಿಕ್ಕರೆ ಸರಿಹೋಗುತ್ತವೆ. ನಾನು ಬರೆಯಬೇಕಾದದ್ದು ಮೇಜಿನ ಮೇಲೆ ಸಿಗದೇ ಇದ್ದ ತಪ್ಪಿನ ಬಗ್ಗೆ.

ಆಗ ನಾನಿದ್ದದ್ದು ಒಂದು ಚಿಕ್ಕ ಕಂಪನಿಯಲ್ಲಿ. ನಮ್ಮ ಕಂಟ್ರೋಲರನ್ನು ಪ್ರಯೋಗಕ್ಕೆ ಶಹಾಬಾದ್ ಕಡೆಯ ಒಂದು ಕಲ್ಲು ಪಾಲಿಶ್ ಘಟಕದಲ್ಲಿ ಹಾಕಿದ್ದೆವು. ಶಹಾಬಾದಿ ಫರ್ಸಿ ಗೊತ್ತಲ್ಲ, ನಮ್ಮ ಕಡೆ ಮನೆಮನೆಯಲ್ಲೂ ನೆಲಕ್ಕೆ ಹಾಸಿರುವ ಕಲ್ಲು. ಅದನ್ನು ಉಜ್ಜಿ ನುಣುಪು ಮಾಡುವ ಯಂತ್ರದ ಮೋಟಾರಿಗೆ ನಮ್ಮ ಬೋರ್ಡು. ಟಚ್‌ಸ್ಕ್ರೀನ್ ಲಿನಕ್ಸಿನ ಪಾಲು, ಮೋಟಾರು ಎಂ4ರ ಪಾಲು. ಊರ ಹತ್ತಿರದ ಕೆಲಸ ಅಂತ ನಾನೇ ಹೆಮ್ಮೆಯಿಂದ ಹೋಗಿದ್ದೆ. ಮಾಲೀಕರಿಗೆ ತೋರಿಸುವಾಗ ಬೇಕಂತಲೇ ಲಿನಕ್ಸನ್ನು ಕ್ರ್ಯಾಶ್ ಮಾಡಿ, "ನೋಡ್ರಿ, ಸ್ಕ್ರೀನ್ ಸತ್ತರೂ ಮೋಟಾರ್ ನಿಲ್ಲಂಗಿಲ್ಲ" ಅಂದಿದ್ದೆ. ಅವರಿಗೂ ಖುಷಿ, ನನಗೂ ಖುಷಿ.

ಮೂರನೇ ವಾರ ಒಂದು ಮಧ್ಯಾಹ್ನ ಸ್ಕ್ರೀನ್ ನಿಜವಾಗಿಯೂ ಸತ್ತಿತು. ಲಾಗ್ ಬರೆದು ಬರೆದು ಎಸ್‌ಡಿ ಕಾರ್ಡ್ ಕೈಕೊಟ್ಟಿತ್ತು, ಲಿನಕ್ಸ್ ಅಲ್ಲೇ ನಿಂತುಬಿಟ್ಟಿತು. ಅದೇ ಹೊತ್ತಿಗೆ ಒಂದು ಕಲ್ಲು ಹಿಡಿತದಿಂದ ಸರಿದಿದೆ. ಯಂತ್ರದ ಮುಂದಿದ್ದ ಕೆಲಸಗಾರರು ಸ್ಕ್ರೀನಿನ ಮೇಲಿನ ಕೆಂಪು 'ಸ್ಟಾಪ್' ಒತ್ತಿದರು. ಮತ್ತೆ ಒತ್ತಿದರು. ಬಟನ್ ಅಲ್ಲೇ ಇತ್ತು, ಕೆಂಪಗೆ, ಚಿತ್ರದ ಹಾಗೆ. ಮೋಟಾರು ನಾನು ಬರೆದ ಕೋಡಿನಂತೆ, ಕೊನೆಗೆ ಬಂದ ಆಜ್ಞೆಯ ವೇಗದಲ್ಲಿ, ಒಂದು ಸುತ್ತೂ ಹೆಚ್ಚುಕಮ್ಮಿ ಇಲ್ಲದೆ ತಿರುಗುತ್ತಲೇ ಇತ್ತು. ಅವರು ಓಡಿಹೋಗಿ ಗೋಡೆಯ ಮೇಲಿನ ಮೇನ್ ಸ್ವಿಚ್ ಎಳೆದರು. ಅಷ್ಟರಲ್ಲಿ ಕಲ್ಲು ಒಡೆದು, ಒಂದು ಚೂರು ಅವರು ನಿಂತಿದ್ದ ಜಾಗದಲ್ಲಿ ಹಾದು ಎದುರಿನ ಗೋಡೆಗೆ ಬಡಿದಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಆಗಬಹುದಿತ್ತು. ಆ ಗೋಡೆಯ ಮೇಲಿನ ಗುರುತನ್ನು ನಾನು ಮರುದಿನ ಹೋಗಿ ನೋಡಿ ಬಂದಿದ್ದೇನೆ. ನನ್ನ ಎದೆಯ ಎತ್ತರಕ್ಕಿತ್ತು.

ಎರಡು ಓಎಸ್‌ನಲ್ಲಿ ಯಾವುದೂ ವಿನ್ಯಾಸ ಮೀರಿ ನಡೆದುಕೊಳ್ಳಲಿಲ್ಲ. ಎಂ4ಗೆ ಹೊಸ ಆಜ್ಞೆ ಬರುವತನಕ ಹಳೆಯದನ್ನು ಪಾಲಿಸು ಅಂತ ಹೇಳಿದ್ದೆವು, ಅದು ಪಾಲಿಸಿತು. ಲಿನಕ್ಸ್ ಸಾಯಬಹುದು ಅಂತ ನಮಗೆ ಮೊದಲೇ ಗೊತ್ತಿತ್ತು, ಅದಕ್ಕೇ ತಾನೇ ಎರಡು ಓಎಸ್ ಹಾಕಿದ್ದು? ನಾವು ಬರೆಯದೇ ಬಿಟ್ಟದ್ದು ಒಂದೇ: ಅಣ್ಣ ಸತ್ತಾಗ ಮೋಟಾರು ಬಂದ್ ಮಾಡೋರು ಯಾರು? ಬಾವಿಯ ಮೋಟಾರಿನ ತಪ್ಪೇ. ಏಳನೇ ಕ್ಲಾಸಿನಲ್ಲಿ ಮನೆಯಲ್ಲೇ ನೋಡಿದ್ದನ್ನು ಡಿಗ್ರಿ ತಗೊಂಡು ನಾನು ಮತ್ತೆ ಮಾಡಿದೆ.

* * *

ಹಾಗಾಗಿ ನನ್ನ ಅಭಿಪ್ರಾಯ ಇದು. ಎರಡು ಓಎಸ್ ಹಾಕಿದ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ. ಒಬ್ಬ ಸತ್ತರೆ ಇನ್ನೊಬ್ಬ ಏನು ಮಾಡಬೇಕು ಅನ್ನುವುದನ್ನು ಮೊದಲೇ ಬರೆದಿಟ್ಟರೆ ಬರುತ್ತದೆ. ಬರೆಯದಿದ್ದರೆ ಒಂದೇ ಓಎಸ್ ಇರುವುದಕ್ಕಿಂತ ಅಪಾಯ ಹೆಚ್ಚು. ಒಂದೇ ಓಎಸ್ ಇದ್ದು ಅದು ಸತ್ತರೆ ಬಹುಶಃ ಎಲ್ಲವೂ ನಿಲ್ಲುತ್ತಿತ್ತು. ಎರಡಿದ್ದಾಗ ಅರ್ಧ ಸತ್ತು, ಅರ್ಧ ಕುರುಡಾಗಿ ಓಡುತ್ತದೆ.

ಇದನ್ನು ಸರಿಯಾಗಿ ಮಾಡಿದವರೂ ಇದ್ದಾರೆ. ಮಂಗಳ ಗ್ರಹದ ಮೇಲೆ ಹಾರಿದ ನಾಸಾದ ಇಂಜೆನ್ಯುಟಿ ಹೆಲಿಕಾಪ್ಟರ್ ನೆನಪಿದೆಯಲ್ಲ? 2021ರ ಏಪ್ರಿಲ್ 19ರಂದು ಮೊದಲ ಹಾರಾಟ. ಅದರಲ್ಲಿ ಫೋನುಗಳಲ್ಲಿ ಬರುತ್ತಿದ್ದ ಸ್ನ್ಯಾಪ್‌ಡ್ರಾಗನ್ 801 ಚಿಪ್ ಮೇಲೆ ಲಿನಕ್ಸ್. ಕ್ಯಾಮೆರಾ ಚಿತ್ರ ನೋಡಿ ದಾರಿ ಲೆಕ್ಕ ಹಾಕುವುದು ಅದರ ಕೆಲಸ. ರೆಕ್ಕೆಗಳನ್ನು ಸೆಕೆಂಡಿಗೆ 500 ಸಲ ಸರಿಪಡಿಸುವ ಕೆಲಸ ಬೇರೆ ಮೈಕ್ರೋಕಂಟ್ರೋಲರ್‌ಗಳದ್ದು, ಅವು ಟಿಐನ ಹರ್ಕ್ಯುಲಿಸ್ ಸರಣಿಯವು. ಅವರು ಒಂದೇ ಚಿಪ್ಪಿನಲ್ಲಿ ಇಡದೆ ಬೇರೆ ಬೇರೆ ಚಿಪ್ಪಿನಲ್ಲೇ ಇಟ್ಟರು, ಅದು ಗಮನಿಸಬೇಕಾದ ವಿಷಯ.

ಅದೇ ವರ್ಷ ಮೇ 22ರ ಆರನೇ ಹಾರಾಟದಲ್ಲಿ, ಹೊರಟ ಸುಮಾರು 54 ಸೆಕೆಂಡಿಗೆ ಒಂದೇ ಒಂದು ಚಿತ್ರ ಕಳೆದುಹೋಯಿತು. ಅಲ್ಲಿಂದ ಮುಂದಿನ ಪ್ರತಿ ಚಿತ್ರಕ್ಕೂ ತಪ್ಪು ಸಮಯದ ಮೊಹರು ಬಿತ್ತು. ಹೆಲಿಕಾಪ್ಟರ್ ತಾನು ಎಲ್ಲಿದ್ದೇನೆ ಅಂತ ತಪ್ಪು ತಿಳಿದು ಹಿಂದೆ ಮುಂದೆ ತೂಗಾಡತೊಡಗಿತು. ಆದರೂ ಬೀಳಲಿಲ್ಲ, ಇಳಿಯಬೇಕಾದ ಜಾಗದಿಂದ ಐದು ಮೀಟರಿನೊಳಗೆ ಇಳಿಯಿತು. ಕಾರಣ ಎರಡು: ನಿಯಂತ್ರಣದಲ್ಲಿ ಸಾಕಷ್ಟು ತಪ್ಪು ತಾಳಿಕೊಳ್ಳುವ ಅವಕಾಶ ಇಟ್ಟಿದ್ದರು, ಮತ್ತು ಇಳಿಯುವ ಕೊನೆಯ ಹಂತದಲ್ಲಿ ಕ್ಯಾಮೆರಾ ಮಾತನ್ನು ಕೇಳುವುದೇ ಬೇಡ ಅಂತ ಮೊದಲೇ ತೀರ್ಮಾನಿಸಿದ್ದರು. ಅಣ್ಣ ತಪ್ಪು ಹೇಳಿದರೆ ತಮ್ಮ ಏನು ಮಾಡಬೇಕು ಅನ್ನುವುದು ಭೂಮಿಯ ಮೇಲೇ ಬರೆದಾಗಿತ್ತು. ಆಮೇಲೆ ಅದು ಒಟ್ಟು 72 ಸಲ ಹಾರಿತು.

ಈಗ ಗೆಳೆಯರ ಇನ್ನೊಂದು ವಾದ. "ಇನ್ನು ಎರಡು ಓಎಸ್ ಯಾಕೆ ಬೇಕು? ಇಪ್ಪತ್ತು ವರ್ಷ ಹೊರಗೇ ಇದ್ದ ಪ್ರಿಎಂಪ್ಟ್-ಆರ್‌ಟಿ ಈಗ ಲಿನಕ್ಸ್ ಒಳಗೇ ಸೇರಿಕೊಂಡಿದೆಯಲ್ಲ?" ಹೌದು, 2024ರ ನವೆಂಬರಿನಲ್ಲಿ ಬಂದ 6.12ರಲ್ಲಿ ಸೇರಿದೆ. ಲಿನಕ್ಸೇ ಬಹುಮಟ್ಟಿಗೆ ರಿಯಲ್ ಟೈಮ್ ಆಗುತ್ತದೆ. ಈ ವಾದದಲ್ಲಿ ಅರ್ಧ ಸತ್ಯ ಇದೆ, ನಾನು ಒಪ್ಪುತ್ತೇನೆ. ನಿಮ್ಮ ತೊಂದರೆ ಬರೀ ಸಮಯದ್ದಾದರೆ, ಮಿಲಿಸೆಕೆಂಡಿನ ಲೆಕ್ಕದಲ್ಲಿದ್ದರೆ, ದಯವಿಟ್ಟು ಒಂದೇ ಲಿನಕ್ಸ್ ಸಾಕು. ಒಟ್ಟು ಕುಟುಂಬ ನಡೆಯುತ್ತಿರುವಾಗ ಸುಮ್ಮನೆ ಒಲೆ ಬೇರೆ ಮಾಡಬೇಡಿ.

ಆದರೆ ಎರಡನೇ ಓಎಸ್ ಬೇಕಾಗುವುದು ಸಮಯಕ್ಕೆ ಮಾತ್ರ ಅಲ್ಲ. ಲಿನಕ್ಸ್ ಕರ್ನಲ್ ಮೂರು ಕೋಟಿ ಸಾಲು ದಾಟಿದೆ. ಅದರಲ್ಲಿ ಎಲ್ಲೋ ಒಂದು ವೈಫೈ ಡ್ರೈವರ್ ಬಿದ್ದರೆ ಇಡೀ ಕರ್ನಲ್ ಬೀಳಬಹುದು. ಫ್ರೀಆರ್‌ಟಿಒಎಸ್‌ನ ತಿರುಳು ಕೆಲವೇ ಸಾವಿರ ಸಾಲು, ಒಬ್ಬ ಮನುಷ್ಯ ಕೂತು ಪೂರ್ತಿ ಓದಬಹುದು. ಮೋಟಾರು ನಿಲ್ಲಿಸುವ ಕೆಲಸವನ್ನು ಯಾರ ಕೈಗೆ ಕೊಡುತ್ತೀರಿ? ಬೀಳುವಾಗ ಬೇರೆ ಬೇರೆಯಾಗಿ ಬೀಳಬೇಕು, ಅದಕ್ಕಾಗಿ ಎರಡು.

ಅದೇ ಉಸಿರಿನಲ್ಲಿ ಇದನ್ನೂ ಹೇಳಬೇಕು. ಒಂದೇ ಚಿಪ್ಪಿನಲ್ಲಿ ಎರಡು ಓಎಸ್ ಪೂರ್ತಿ ಬೇರೆ ಆಗುವುದೇ ಇಲ್ಲ. ಕರೆಂಟು ಒಂದೇ, ಬಿಸಿ ಒಂದೇ, ಎಷ್ಟೋ ಚಿಪ್ಪುಗಳಲ್ಲಿ ಲಿನಕ್ಸಿನ ವಾಚ್‌ಡಾಗ್ ರಿಸೆಟ್ ಹೊಡೆದರೆ ಪಕ್ಕದ ಕೋರ್ ಕೂಡ ಬೀಳುತ್ತದೆ. ಮಾಡಿಗೆ ಬೆಂಕಿ ಬಿದ್ದರೆ ಎರಡೂ ಒಲೆಯ ಅಡುಗೆ ಹೋಯಿತು. ಹಾಗಾಗಿ ಕೊನೆಯ ಕಾವಲು ಚಿಪ್ಪಿನ ಹೊರಗೇ ಇರಬೇಕು.

ಆ ಘಟನೆಯ ನಂತರ ನಾವು ಮಾಡಿದ್ದನ್ನು ಹೇಳಿ ಮುಗಿಸುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ.

ಮೊದಲು, ಪಾಲು ಪತ್ರ. ಕೋಡ್ ಬರೆಯುವ ಮುಂಚೆ ಒಂದು ಹಾಳೆ: ಯಾವ ಮೆಮೊರಿ, ಯಾವ ಪಿನ್ನು, ಯಾವ ಕ್ಲಾಕ್, ಯಾವ ಇಂಟರಪ್ಟ್ ಯಾರದು. ಕೊನೆಯ ಕಾಲಂ ಮುಖ್ಯ: "ಇದರ ಒಡೆಯ ಸತ್ತರೆ ಏನಾಗಬೇಕು?" ಅದು ಖಾಲಿ ಇದ್ದರೆ ಕೆಲಸ ಶುರು ಮಾಡುವ ಹಾಗಿಲ್ಲ.

ಎರಡನೆಯದು, ನಾಡಿ ನೋಡುವುದು. ಲಿನಕ್ಸ್ ಕಡೆಯಿಂದ ಪ್ರತಿ 100 ಮಿಲಿಸೆಕೆಂಡಿಗೆ ಒಂದು ಎಣಿಕೆ ಹೋಗುತ್ತದೆ. ಮೂರು ತಪ್ಪಿದರೆ ಎಂ4 ತಾನಾಗಿಯೇ ವೇಗ ಇಳಿಸಿ ನಿಲ್ಲಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮ: ಈ ಎಣಿಕೆ ಕರ್ನಲ್‌ನಿಂದ ಬಂದರೆ ಸಾಲದು. ಕರ್ನಲ್ ಬದುಕಿದ್ದು, ಬಟನ್ ಓದುವ ಪ್ರೋಗ್ರಾಮು ಸತ್ತಿರಬಹುದು. ಬಟನ್ ಓದುವ ಅದೇ ಪ್ರೋಗ್ರಾಮೇ ಎಣಿಕೆ ಕಳಿಸಬೇಕು.

ಮೂರನೆಯದು, ಸ್ಟಾಪ್. ಸ್ಕ್ರೀನ್ ಮೇಲೆ ಕೆಂಪು ಚಿತ್ರ ಬಿಡಿಸಿ ಅದನ್ನು ಸ್ಟಾಪ್ ಅನ್ನಬಾರದು. ಅಣಬೆಯಂಥ ನಿಜವಾದ ಕೆಂಪು ಬಟನ್, ಒಂದು ತಂತಿ ಎಂ4ರ ಪಿನ್ನಿಗೆ, ಇನ್ನೊಂದು ದಾರಿ ಯಾವ ಸಾಫ್ಟ್‌ವೇರನ್ನೂ ಕೇಳದೆ ನೇರ ಕಾಂಟ್ಯಾಕ್ಟರಿಗೆ. ಇದಕ್ಕೆ ಐಎಸ್‌ಒ 13850 ಅಂತ ಮಾನದಂಡವೇ ಇದೆ. ನಾನು ಓದಿದ್ದು ಕಲ್ಲಿನ ಚೂರು ಗೋಡೆಗೆ ಬಡಿದ ಮೇಲೆ. ನೀವು ಮೊದಲೇ ಓದಿ.

ಕೊನೆಯದು, ಡೆಮೊ ಬದಲಿಸಿದೆವು. ಈಗಲೂ ಗಿರಾಕಿಯ ಮುಂದೆ ಲಿನಕ್ಸನ್ನು ಬೇಕಂತಲೇ ಕೆಡವುತ್ತೇವೆ. ಆದರೆ "ನೋಡಿ, ಮೋಟಾರ್ ನಿಲ್ಲಲ್ಲ" ಅನ್ನೋದಿಲ್ಲ. "ನೋಡಿ, ಹೇಗೆ ನಿಧಾನಕ್ಕೆ ನಿಲ್ಲುತ್ತೆ" ಅನ್ನುತ್ತೇವೆ.

ನಾನು ಓದುವಾಗ ಮೈಕ್ರೋಕಂಟ್ರೋಲರ್ ಒಂದು ಸೆಮಿಸ್ಟರ್, ಆಪರೇಟಿಂಗ್ ಸಿಸ್ಟಮ್ ಇನ್ನೊಂದು ಸೆಮಿಸ್ಟರ್. ಎರಡೂ ಒಂದೇ ಚಿಪ್ಪಿನಲ್ಲಿ ಬಂದು ಕೂರುತ್ತವೆ ಅಂತ ಯಾರೂ ಹೇಳಲಿಲ್ಲ, ಯಂತ್ರದ ಮುಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ ಅಂತಲೂ ಹೇಳಲಿಲ್ಲ. ಈಗ ಇಂಥ ಬೋರ್ಡುಗಳು ವಿದ್ಯಾರ್ಥಿಗಳ ಕೈಗೂ ಎಟಕುತ್ತವೆ. ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಲ್ಯಾಬ್ ಪ್ರಯೋಗ ಇದನ್ನೇ ಮಾಡಿಸಿ: ಎರಡು ಓಎಸ್ ಓಡಿಸಿ, ಒಂದನ್ನು ಕೊಲ್ಲಿ, ಇನ್ನೊಂದು ಏನು ಮಾಡುತ್ತದೆ ನೋಡಿ. ಮಾರ್ಕ್ಸು ಅದಕ್ಕೇ ಕೊಡಿ.

ಅಂದ ಹಾಗೆ, ಬಾವಿಯ ಮೋಟಾರು ಸುಟ್ಟ ಮೇಲೆ ನಮ್ಮನೆಯ ಪತ್ರಕ್ಕೆ ಒಂದು ಸಾಲು ಸೇರಿಸಿದರು: ಯಾರ ಪಾಳಿಯೋ ಅವರೇ ಬಂದ್ ಮಾಡತಕ್ಕದ್ದು, ಅವರು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬರು. ಸ್ಟಾರ್ಟರಿನ ಆಟೋ ಕಿತ್ತುಹಾಕಿದರು. ಅಲ್ಲಿಂದ ಇಲ್ಲಿಯತನಕ ಮೋಟಾರು ಸುಟ್ಟಿಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಕೆಲಸ ಮಾಡುತ್ತಿದ್ದರೆ ನಿಮ್ಮ ಅನುಭವ ಬರೆಯಿರಿ. ಅದರಲ್ಲೂ ಎಡವಟ್ಟಾದ ಕಥೆಗಳನ್ನು. ಗೆದ್ದ ಕಥೆ ಎಲ್ಲರೂ ಬರೀತಾರೆ, ಏನಂತೀರಿ?